ಪರಿಚರ್ಯೆಯೂ ಪದವಿಯೂ

ಸೇವೆಯನ್ನೇ ಧರ್ಮವಾಗಿ ಕೈಕೊಂಡವರು ತಮ್ಮ ಪದವಿಯ ಏಳಿಗೆಯನ್ನು ಬಯಸಬಹುದೋ ಬಾರದೋ ಎಂಬ ಪ್ರಶ್ನೆಯು ಹಳೆಯದು. ವ್ಯಾಪಾರಿಯು ಲಾಭವನ್ನು ಬಯಸಿದರೆ ಯಾರೂ ಆಕ್ಷೇಪಿಸುವದಿಲ್ಲ. ಅಧಿಕಾರಿಯು ಮೇಲಿನ ಹುದ್ದೆಗೆ ಹಾತೊರೆದರೆ ಅದು ಸಹಜವೆನ್ನುವರು. ಆದರೆ ರೋಗಿಯ ಮಗ್ಗುಲಲ್ಲಿ ನಿಂತು ಶುಶ್ರೂಷೆ ಮಾಡುವವಳು ತಾನು ಇನ್ನೂ ಓದಬೇಕೆಂದರೆ, ಅವಳ ತ್ಯಾಗದಲ್ಲಿಯೇ ಏನೋ ಕೊರತೆ ಬಂದಂತೆ ಮನೆಯವರೂ ನೆರೆಯವರೂ ನೋಡುವದುಂಟು. ಈ ನೋಟವು ನ್ಯಾಯವಾದುದೇ ಎಂಬದನ್ನು ವಿಚಾರಿಸತಕ್ಕದ್ದು.

ಧಾರವಾಡದ ಪಡುವಣ ಅಂಚಿನಲ್ಲಿ ಕೆರೆಯ ಮಗ್ಗುಲಿಗಿರುವ ಕೆಲಗೇರಿಯಂಥ ಊರಿನ ಓಣಿಗಳಲ್ಲಿ ಹತ್ತು ವರ್ಷ ತಿರುಗಿದ ಒಬ್ಬ ಸಹಾಯಕ ದಾದಿಯನ್ನು ಕಲ್ಪಿಸಿಕೊಳ್ಳಬಹುದು. ಅವಳು ಎರಡು ವರ್ಷದ ಶಿಕ್ಷಣವನ್ನು ಪಡೆದವಳು. ಬಸುರಿಯರ ರಕ್ತದೊತ್ತಡವನ್ನು ನೋಡುವದು, ಕಬ್ಬಿಣಾಂಶದ ಗುಳಿಗೆಗಳನ್ನು ಕೊಡುವದು, ಕೂಸುಗಳಿಗೆ ಲಸಿಕೆ ಹಾಕುವದು, ಬಾಣಂತಿಯ ಮನೆಗೆ ಹೋಗಿ ತಾಯಿ-ಮಗುವಿನ ಯೋಗಕ್ಷೇಮವನ್ನು ವಿಚಾರಿಸುವದು, ಇವೇ ಅವಳ ಕೆಲಸಗಳು. ಹಳ್ಳಿಗಾಡಿನಲ್ಲಿ 5,000 ಜನರಿಗೊಂದು ಉಪಕೇಂದ್ರ, ಪಟ್ಟಣದಲ್ಲಿ 10,000 ಜನರಿಗೊಬ್ಬ ಸಹಾಯಕ ದಾದಿ ಎಂಬದು ಸರಕಾರದ ಅಳತೆ. ಇಂಥವಳು ಮತ್ತೆ ಮೂರು ವರ್ಷ ಓದಿದರೆ ಪೂರ್ಣ ದಾದಿಯೆಂದು ನೋಂದಣಿ ಹೊಂದಬಹುದು. ಸಹಾಯಕ ದಾದಿಯರಿಗೆ ಆ ಶಿಕ್ಷಣದ ಬಾಗಿಲು ತೆರೆದೇ ಇರುವದು. ಆದರೆ ಆ ಮೂರು ವರ್ಷ ಸಂಬಳದ ಗತಿಯೇನು? ಮಕ್ಕಳ ಓದು, ಹಿರಿಯರ ಔಷಧ, ಒಲೆಯ ಮೇಲಿನ ಎಸರು, ಇವು ಯಾರಿಗಾಗಿಯೂ ಕಾಯುವದಿಲ್ಲ.

ಓದು ಬೇಡವೆನ್ನುವವರ ಪಕ್ಷವು ಬಲವಿಲ್ಲದ್ದಲ್ಲ. ಗೀತೆಯ ಮೂರನೆಯ ಅಧ್ಯಾಯವು ಪರಧರ್ಮಕ್ಕಿಂತ ಸ್ವಧರ್ಮವೇ ಮೇಲೆಂದು ಬೋಧಿಸುವದರಿಂದ, ಇದ್ದ ಕೆಲಸವನ್ನೇ ನಿಷ್ಠೆಯಿಂದ ಮಾಡುವದು ಲೇಸೆಂಬದು ಅವರ ಮೊದಲನೆಯ ವಾದ. ಯಾವ ಮನೆಯ ಸೊಸೆಯು ಹೊಟ್ಟೆತುಂಬ ಉಣ್ಣುವದಿಲ್ಲ, ಯಾವ ಬಸುರಿಯು ತಲೆಸುತ್ತನ್ನು ಅತ್ತೆಗೆ ಹೆದರಿ ಮುಚ್ಚಿಡುವಳು, ಎಂಬ ತಿಳಿವಳಿಕೆಯು ಯಾವ ಪುಸ್ತಕದಲ್ಲಿಯೂ ಸಿಗದು; ಅವಳು ಹೋದರೆ ಅದೂ ಅವಳೊಡನೆ ಹೋಗುವದೆಂಬದು ಎರಡನೆಯದು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯು ಮೂರನೆಯದು.

ಮೊದಲನೆಯ ವಾದಕ್ಕೆ ಸಮಾಧಾನವಿದು. ಸ್ವಧರ್ಮವೆಂದರೆ ಕೆಲಸದ ಸ್ವರೂಪವೇ ಹೊರತು ಏಣಿಯ ಮೆಟ್ಟಿಲಲ್ಲ. ರೋಗಿಯ ಪರಿಚರ್ಯೆಯೇ ದಾದಿಯ ಧರ್ಮವಾದರೆ, ಅದನ್ನು ಇನ್ನೂ ಚೆನ್ನಾಗಿ ಅರಿಯುವದು ಪರಧರ್ಮಕ್ಕೆ ಹೋದಂತೆ ಹೇಗಾದೀತು? ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಎಣಿಸಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಅದು ಹೇಳುವ ಗುಣಗಳೂ ನಾಲ್ಕು. ಉಪಚಾರದ ಜ್ಞಾನ, ದಕ್ಷತೆ, ತಾನು ಸೇವಿಸುವವನಲ್ಲಿ ಅನುರಾಗ, ಶೌಚ. ಇಲ್ಲಿ ಅನುರಾಗವು ಮೂರನೆಯದು; ಜ್ಞಾನವೇ ಮೊದಲನೆಯದು. ದಕ್ಷತೆ, ಶೌಚಗಳಂತೂ ವೈದ್ಯನ ಗುಣಗಳಲ್ಲಿಯೂ ಬರುವವು. ಪ್ರೀತಿಯೊಂದಿದ್ದರೆ ಸಾಕು, ತಿಳಿವಳಿಕೆ ವೈದ್ಯನದು ಎಂಬ ಮಾತಿಗೆ ಆ ಶಾಸ್ತ್ರದಲ್ಲಿ ಆಧಾರವಿಲ್ಲ.

ಇದಕ್ಕೆ ಕಾರಣವೂ ಸ್ಪಷ್ಟವಿದೆ. ಹೆರಿಗೆಯ ತರುವಾಯ ಒಳಗೊಳಗೇ ರಕ್ತಸ್ರಾವವಾಗುತ್ತಿರುವ ತಾಯಿಯ ರಕ್ತದೊತ್ತಡವು ಕೂಡಲೇ ಇಳಿಯುವದಿಲ್ಲ. ಅದಕ್ಕೂ ಮೊದಲೇ ನಾಡಿಯ ವೇಗ ಹೆಚ್ಚುವದು, ಉಸಿರಾಟ ತೀವ್ರವಾಗುವದು. ನಡುರಾತ್ರಿಯಲ್ಲಿ ವೈದ್ಯನು ಬೇರೆಡೆಗಿರುವಾಗ ಆ ಎರಡು ಅಂಕೆಗಳ ಅರ್ಥವನ್ನು ತಿಳಿದು ಅವನನ್ನು ಕರೆಯಿಸುವವಳು ಒಂದು ಜೀವವನ್ನು ಉಳಿಸುವಳು. ಸಹಾಯಕ ದಾದಿಯೂ ಅಪಾಯದ ಚಿಹ್ನೆಗಳನ್ನು ಕಲಿತಿರುವಳು. ಆದರೆ ಶಸ್ತ್ರಕ್ರಿಯೆಯಾದವರನ್ನೂ ಪ್ರಜ್ಞೆತಪ್ಪಿದವರನ್ನೂ ಗಳಿಗೆ ಗಳಿಗೆಗೆ ಕಾಯುವ ವಿದ್ಯೆಗೆ ಬೇರೆಯೇ ಅಭ್ಯಾಸ ಬೇಕು. ಈ ಅರಿವಿನ ಕೊರತೆಯ ಬೆಲೆಯನ್ನು ತೆರುವವಳು ದಾದಿಯಲ್ಲ, ಮಲಗಿದವಳು. ಆದುದರಿಂದ ಓದುವ ಆಸೆಯನ್ನು ಬರಿಯ ಮಹತ್ವಾಕಾಂಕ್ಷೆಯೆನ್ನಲಾಗದು. ಅದರಲ್ಲಿ ಋಣದ ಅಂಶವೂ ಇರುವದು.

ನೋಂದಣಿಯ ಹುರುಳೂ ಇದೇ. ಜ್ವರದಲ್ಲಿ ಬಿದ್ದವನು ತನ್ನ ದಾದಿಯನ್ನು ಪರೀಕ್ಷಿಸಲಾರನು. ಅವನ ಪರವಾಗಿ ಸಮಾಜವು ಮೊದಲೇ ಪರೀಕ್ಷಿಸಿ ಹೆಸರನ್ನು ಪಟ್ಟಿಯಲ್ಲಿ ಬರೆದಿಡುವದು. 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲಳು ಲಂಡನ್ನಿನಲ್ಲಿ ದಾದಿಯರ ಶಾಲೆಯನ್ನು ನೆಲೆಗೊಳಿಸಿದ್ದು ದಯೆಯೊಂದೇ ಸಾಲದೆಂಬ ಅನುಭವದಿಂದಲೇ. ಧಾರವಾಡವು ಮುಂಬಯಿ ಪ್ರಾಂತದಲ್ಲಿದ್ದಾಗ, 1935ರಲ್ಲಿ, ಆ ಪ್ರಾಂತಕ್ಕೆ ದಾದಿಯರ ನೋಂದಣಿಯ ಕಾಯಿದೆ ಬಂದಿತು. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯಾಯಿತು. ಸಹಾಯಕ ದಾದಿಯರ ಪಟ್ಟಿ ಬೇರೆ, ಪೂರ್ಣ ದಾದಿಯರ ಪಟ್ಟಿ ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗುವದೆಂದರೆ ರೋಗಿಗೆ ಕೊಟ್ಟ ವಚನವನ್ನು ಹಿರಿದುಮಾಡುವದು.

ಎರಡನೆಯ ವಾದದಲ್ಲಿ ಹೇಳಿದ ನಷ್ಟವು ನಿಜ. ಹತ್ತು ವರ್ಷದ ಪರಿಚಯವನ್ನು ಹೊಸಬಳು ಹತ್ತು ದಿನದಲ್ಲಿ ಗಳಿಸಲಾರಳು. ಆದರೆ ಆ ನಷ್ಟವನ್ನು ತುಂಬುವ ಹೊಣೆಯು ಅವಳೊಬ್ಬಳದೇ? ತರುಣ ವೈದ್ಯನು ಹೆಚ್ಚಿನ ಪದವಿಗಾಗಿ ಊರು ಬಿಟ್ಟರೆ ಹಾರ ಹಾಕಿ ಕಳಿಸುವ ಜನರೇ ದಾದಿಗೆ ತ್ಯಾಗವನ್ನು ಉಪದೇಶಿಸುವರು. ಒಬ್ಬಳನ್ನು ತಾಯಿಯೆಂದು ಹೊಗಳಿ, ಆ ಹೊಗಳಿಕೆಯಿಂದಲೇ ಅವಳನ್ನು ಇದ್ದಲ್ಲಿ ಕಟ್ಟಿಹಾಕುವದು ಗೌರವವಲ್ಲ. ಅಗ್ಗದಲ್ಲಿ ದುಡಿಸಿಕೊಳ್ಳುವ ಸೊಗಸಾದ ಉಪಾಯವದು. ತೆರವಾದ ಸ್ಥಳಕ್ಕೆ ಇನ್ನೊಬ್ಬಳನ್ನು ನೇಮಿಸುವದು ಸರಕಾರದ ಕರ್ತವ್ಯ. ಮೂರು ವರ್ಷ ಮನೆಯ ಭಾರವನ್ನು ಹಂಚಿಕೊಳ್ಳುವದು ಗಂಡನ ಮತ್ತು ಮನೆಯವರ ಕರ್ತವ್ಯ.

ಗಾದೆಯ ಮಾತಿಗೆ ಗಾದೆಯಲ್ಲಿಯೇ ಉತ್ತರವಿದೆ. ಬುದ್ಧಿಯು ಮುಕ್ಕಾಲಾದರೂ ಉಳಿದ ಒಕ್ಕಾಲಿಲ್ಲದೆ ಪೂರ್ಣವಾಗದು. ಅನುಭವದ ಮುಕ್ಕಾಲನ್ನು ಓಣಿಗಳಲ್ಲಿ ಗಳಿಸಿದವಳಿಗೇ ಓದಿನ ಒಕ್ಕಾಲು ಹೆಚ್ಚು ಫಲಿಸುವದು.

ಆದರೂ ಒಂದು ಎಚ್ಚರವು ಬೇಕು. ಮೇಲೇರಿದ ದಾದಿಯು ಮೇಜಿನ ಹಿಂದೆ ಕುಳಿತು, ಮಲಮೂತ್ರಗಳ ಕೆಲಸವು ಕೆಳಗಿನವರದೆಂದು ಮುಖ ತಿರುಗಿಸಿದರೆ ಅದು ಏಳಿಗೆಯಲ್ಲ, ಪತನ. ಮೇಲೇರಬೇಕೆನ್ನುವವಳು ತನ್ನನ್ನು ತಾನೇ ಕೇಳಿಕೊಳ್ಳತಕ್ಕ ಪ್ರಶ್ನೆಯು ಒಂದೇ: ಈ ಓದು ತನ್ನನ್ನು ರೋಗಿಯ ಹತ್ತಿರಕ್ಕೆ ಒಯ್ಯುವದೋ, ಅವನಿಂದ ದೂರಕ್ಕೊಯ್ಯುವದೋ? ಸಂಬಳದ ಆಸೆಯು ಜೊತೆಗಿದ್ದರೆ ದೋಷವಿಲ್ಲ. ಹಸಿದ ಮಕ್ಕಳುಳ್ಳ ತಾಯಿಯಿಂದ ನಿಷ್ಕಾಮಕರ್ಮವನ್ನು ಬೇಡುವದು ಉಂಡವರಿಗೆ ಒಪ್ಪುವ ಮಾತಲ್ಲ.

ಮನೆಯ ಪರಿಸ್ಥಿತಿಯಿಂದ ಓದಲಾರದೆ ಉಳಿದವಳೂ ಕೀಳಲ್ಲ. ಕೆಲಗೇರಿಯ ಬಾಣಂತಿಗೆ ಅವಳ ಹೆಜ್ಜೆಯ ಸಪ್ಪಳವೇ ಧೈರ್ಯ. ಆದರೆ ಓದಬಲ್ಲವಳು, ಓದಬೇಕೆನ್ನುವವಳು, ಕೇವಲ ಜನರ ಮಾತಿಗೆ ಅಂಜಿ ನಿಲ್ಲಬಾರದು. ಸೇವೆಗೆ ವಿನಯವು ಬೇಕು, ಅಜ್ಞಾನವು ವಿನಯವಲ್ಲ.