ನಿಂತ ಭಂಗಿ ನಮಗೇ ಕಾಣದು

ಶರ್ಟು ಹೊಲಿಸಲು ಹೋದಾಗ ಅನುಭವವಿರುವ ಟೈಲರ್ ಮೊದಲು ನೋಡುವುದು ಹೆಗಲನ್ನು. ಬಲಹೆಗಲು ಇಳಿದಿದೆಯೇ, ಬೆನ್ನು ಬಾಗಿದೆಯೇ ಎಂಬುದು ಟೇಪು ಹಿಡಿಯುವ ಮೊದಲೇ ಅವರಿಗೆ ಗೊತ್ತಾಗುತ್ತದೆ. ಬೆನ್ನು ಬಾಗಿದವರಿಗೆ ಹಿಂಭಾಗದ ಬಟ್ಟೆಯನ್ನು ತುಸು ಉದ್ದ ಬಿಡದಿದ್ದರೆ ಶರ್ಟು ಹಿಂದೆ ಮೇಲಕ್ಕೆ ಎದ್ದುಕೊಳ್ಳುತ್ತದೆ. ನಮ್ಮ ಮೈಯ ಓರೆಕೋರೆ ನಮಗಿಂತ ಮೊದಲು ಅವರಿಗೆ ಕಾಣಲು ಕಾರಣವಿದೆ. ನಾವು ಕನ್ನಡಿಯ ಮುಂದೆ ನಿಲ್ಲುವುದು ಎದುರುಮುಖವಾಗಿ, ಅದೂ ಕತ್ತೆತ್ತಿ, ಎದೆ ಸೆಟೆಸಿ. ಭಂಗಿಯ ದೋಷಗಳು ಕಾಣುವುದೋ ಪಕ್ಕದಿಂದ, ಬೇರೆ ಕೆಲಸದಲ್ಲಿ ಮೈಮರೆತಾಗ.

ಬೆಳಿಗ್ಗೆ ಬೆಂಗಳೂರಿನ ಆರ್.ಟಿ. ನಗರದ ಮುಖ್ಯರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಮಾನ್ಯತಾ ಟೆಕ್ ಪಾರ್ಕಿಗೆ ಹೋಗಲು ಕ್ಯಾಬ್ ಕಾಯುವವರ ಗಲ್ಲ ಎದೆಯ ಕಡೆಗೆ ಇಳಿದಿರುತ್ತದೆ, ಕಣ್ಣು ಫೋನಿನಲ್ಲಿರುತ್ತದೆ. ಶಾಲಾ ವ್ಯಾನಿನತ್ತ ಓಡುವ ಮಗು ಬೆನ್ನ ಮೇಲಿನ ಭಾರವನ್ನು ಸರಿದೂಗಿಸಲು ಸೊಂಟದಿಂದಲೇ ಮುಂದಕ್ಕೆ ವಾಲಿರುತ್ತದೆ. ಕೂಸನ್ನು ಎತ್ತಿಕೊಂಡ ತಾಯಿಯ ಸೊಂಟ ಒಂದು ಕಡೆಗೆ ಹೊರಳಿರುತ್ತದೆ. ಮೇಖ್ರಿ ವೃತ್ತದ ಸಿಗ್ನಲ್ಲಿನಲ್ಲೋ ಹೆಬ್ಬಾಳದ ಮೇಲ್ಸೇತುವೆಯಲ್ಲೋ ಸ್ಕೂಟರಿನ ಮೇಲೆ ಕಾಯುವವರ ಬೆನ್ನು ಬಿಲ್ಲಾಗಿರುತ್ತದೆ. ಯಾರಿಗೂ ಆ ಕ್ಷಣ ನೋವಿಲ್ಲ, ಹಾಗಾಗಿ ಯಾರಿಗೂ ತಾವು ಹೇಗೆ ನಿಂತಿದ್ದೇವೆಂಬ ಅರಿವೂ ಇಲ್ಲ.

ಹೆಚ್ಚು ಜನರಲ್ಲಿ ಕಾಣುವುದು ಮುಂದಕ್ಕೆ ಚಾಚಿದ ತಲೆ. ಪಕ್ಕದಿಂದ ನೋಡಿದಾಗ ಕಿವಿ ಹೆಚ್ಚುಕಡಿಮೆ ಹೆಗಲಿನ ನೇರಕ್ಕೆ ಇರಬೇಕು. ಅದು ಮುಂದೆ ಸರಿದಿದ್ದರೆ ತಲೆಯ ಭಾರವನ್ನು ಎಲುಬಿನ ಬದಲು ಸ್ನಾಯುಗಳು ಹೊರುತ್ತಿವೆ ಎಂದರ್ಥ. ವಯಸ್ಕರ ತಲೆಯ ತೂಕ ಸುಮಾರು 4.5ರಿಂದ 5 ಕಿಲೋ. ನ್ಯೂಯಾರ್ಕಿನ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಪ್ರಕಾರ ಕತ್ತನ್ನು 60 ಡಿಗ್ರಿ ಬಗ್ಗಿಸಿದಾಗ ಅದರ ಮೇಲೆ ಬೀಳುವ ಹೊರೆ ಸುಮಾರು 27 ಕಿಲೋ. ಅದು ಗಣಕಯಂತ್ರದ ಮಾದರಿಯಿಂದ ಬಂದ ಅಂಕಿ, ಬದುಕಿರುವ ಕತ್ತಿನಲ್ಲಿ ಅಳೆದದ್ದಲ್ಲ. ಆದರೂ ಬಾಗಿದಷ್ಟೂ ಹೊರೆ ಏರುತ್ತದೆಂಬ ಮಾತಿನಲ್ಲಿ ಅನುಮಾನವಿಲ್ಲ.

ಕುತೂಹಲದ ಸಂಗತಿ ಮುಂದಿದೆ. ಕತ್ತಿನ ಕೆಳಭಾಗ ಮುಂದಕ್ಕೆ ಬಾಗಿದಾಗ ದೃಷ್ಟಿ ನೇರವಾಗಿರಲೆಂದು ಮೇಲ್ಭಾಗ ಹಿಂದಕ್ಕೆ ಮಣಿಯುತ್ತದೆ. ತಲೆಬುರುಡೆಯ ಬುಡದ ಪುಟ್ಟ ಸ್ನಾಯುಗಳು ಇಡೀ ದಿನ ಕುಗ್ಗಿಕೊಂಡೇ ಇರುತ್ತವೆ. ಸಂಜೆ ಹಿಂದಲೆಯಿಂದ ಎದ್ದು ಹಣೆಗೆ ಬರುವ ಎಷ್ಟೋ ತಲೆನೋವುಗಳ ಮೂಲ ಅಲ್ಲಿರಬಹುದು. ತಲೆಯ ಹಿಂದೆಯೇ ಹೆಗಲೂ ಮುಂದಕ್ಕೆ ಉರುಳುತ್ತದೆ. ಎದೆಯ ಸ್ನಾಯು ಗಿಡ್ಡವಾಗುತ್ತದೆ, ಎರಡು ಹೆಗಲೆಲುಬುಗಳ ನಡುವಿನ ಸ್ನಾಯು ಜಗ್ಗಿ ಬಲ ಕಳೆದುಕೊಳ್ಳುತ್ತದೆ. ಹೆಗಲೆಲುಬು ಮುಂದಕ್ಕೆ ವಾಲಿದರೆ ತೋಳೆತ್ತುವಾಗ ಸ್ನಾಯುರಜ್ಜು ಜಾರಬೇಕಾದ ಜಾಗ ಕಿರಿದಾಗುತ್ತದೆ. ಅಟ್ಟದ ಮೇಲಿನ ಡಬ್ಬಕ್ಕೆ ಕೈಚಾಚಿದಾಗ ಭುಜದಲ್ಲಿ ಚುಳುಕ್ಕೆನ್ನುವುದು ಆಗ. ಒಂದು ಕಡೆ ಬಿಗಿತ, ಅದರ ಎದುರು ಸಡಿಲ: ಈ ಜೋಡಿಯನ್ನು ಗುರುತಿಸಿ ವಿವರಿಸಿದವರು ಚೆಕ್ ವೈದ್ಯ ವ್ಲಾಡಿಮಿರ್ ಯಾಂಡ. ಕತ್ತು-ಹೆಗಲಲ್ಲಿ ಒಂದು, ಸೊಂಟದಲ್ಲಿ ಇನ್ನೊಂದು ಎಂದು ಅವರು ತೋರಿಸಿದರು.

ಸೊಂಟದ್ದನ್ನು ಬೆಲ್ಟಿನಿಂದ ಪತ್ತೆಹಚ್ಚಬಹುದು. ಪಕ್ಕದಿಂದ ತೆಗೆದ ಫೋಟೋದಲ್ಲಿ ಬೆಲ್ಟು ಮುಂದೆ ತೀರಾ ಇಳಿದು ಹಿಂದೆ ಏರಿದ್ದರೆ ಶ್ರೋಣಿ ಮುಂದಕ್ಕೆ ಬಾಗಿರಬಹುದು. ದಿನವಿಡೀ ಕುರ್ಚಿಯಲ್ಲಿ ಮಡಿಸಿಕೊಂಡಿರುವ ತೊಡೆಸಂದಿನ ಸ್ನಾಯುಗಳು ಎದ್ದುನಿಂತರೂ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಅವು ಕೆಳಬೆನ್ನನ್ನು ಮುಂದಕ್ಕೆ ಎಳೆಯುತ್ತವೆ. ಹೊಟ್ಟೆ ಮತ್ತು ಪೃಷ್ಠದ ಸ್ನಾಯುಗಳು ಎದುರು ಎಳೆಯುವಷ್ಟು ಗಟ್ಟಿಯಿಲ್ಲದಿದ್ದರೆ ಸೊಂಟ ಒಳಕ್ಕೆ ಕುಸಿದು, ಬೆನ್ನೆಲುಬಿನ ಹಿಂಬದಿಯ ಚಿಕ್ಕ ಕೀಲುಗಳ ಮೇಲೆ ಒತ್ತಡ ಬೀಳುತ್ತದೆ. ಇಂಥವರಿಗೆ ಹೊಟ್ಟೆ ಕರಗಿಸಿ ಎಂದಷ್ಟೇ ಹೇಳುವುದು ಅರ್ಧ ಸಲಹೆ.

ಪಾದದ ಕಥೆಗೆ ನಮ್ಮ ನಾಡಿನವರೇ ಒಬ್ಬರು ನೆನಪಾಗುತ್ತಾರೆ. 1918ರಲ್ಲಿ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯವಿಡೀ ಕಾಯಿಲೆಯಿಂದ ನರಳಿದವರು. ಮೈಸೂರಿನಲ್ಲಿ ಭಾವ ಟಿ. ಕೃಷ್ಣಮಾಚಾರ್ಯರಲ್ಲಿ ಯೋಗ ಕಲಿತು, ಮುಂದೆ ಜಗತ್ತಿಗೇ ಕಲಿಸಿದರು. 1966ರಲ್ಲಿ ಬಂದ ಅವರ ‘ಲೈಟ್ ಆನ್ ಯೋಗ’ದಲ್ಲಿ ಮೊದಲು ವಿವರಿಸಿರುವ ಆಸನ ತಾಡಾಸನ, ಅಂದರೆ ಸುಮ್ಮನೆ ನಿಲ್ಲುವುದು. ಒಂದೇ ಕಾಲಿನ ಮೇಲೆ ಭಾರ ಹಾಕುವುದು, ಪಾದದ ಒಂದು ಅಂಚಿನ ಮೇಲೆ ನಿಲ್ಲುವುದು ನಮಗೆ ತಿಳಿಯದಿದ್ದರೂ ಮೆಟ್ಟಿನ ಹಿಮ್ಮಡಿ ಸವೆದ ಬಗೆ ತಿಳಿಸುತ್ತದೆಂದು ಅವರು ಅಲ್ಲಿ ಗಮನ ಸೆಳೆಯುತ್ತಾರೆ. ನಿಮ್ಮ ಹಳೇ ಚಪ್ಪಲಿಯನ್ನು ತಿರುಗಿಸಿ ನೋಡಿ. ಒಳಅಂಚು ತೀರಾ ಸವೆದಿದ್ದರೆ ಪಾದದ ಕಮಾನು ಕುಸಿದಿರಬಹುದು. ಆಗ ಮೊಣಕಾಲು ಒಳಕ್ಕೆ ತಿರುಗುತ್ತದೆ, ಮಂಡಿಚಿಪ್ಪು ತನ್ನ ದಾರಿ ಬಿಟ್ಟು ಉಜ್ಜುತ್ತದೆ. ನೋವು ಮಂಡಿಯಲ್ಲಿ, ಕಾರಣ ಪಾದದಲ್ಲಿ.

ಇಷ್ಟು ಓದಿ ಯಾರೂ ಹೆದರಬೇಕಿಲ್ಲ. ಹೆಗಲು ತುಸು ಓರೆಯಿರುವ ಎಷ್ಟೋ ಮಂದಿಗೆ ಜೀವಮಾನದಲ್ಲಿ ನೋವೇ ಬರುವುದಿಲ್ಲ. ಲಕ್ಷಣವಾಗಿ ನೇರ ನಿಲ್ಲುವವರಿಗೂ ಬೆನ್ನುನೋವು ಬರುತ್ತದೆ. ಬಾಗುವುದು ದೋಷವಲ್ಲ, ಬಾಗಿದಲ್ಲೇ ಉಳಿಯುವುದು ದೋಷ. ಆದ್ದರಿಂದಲೇ ‘ನೆಟ್ಟಗೆ ಕೂತ್ಕೋ’ ಎಂದು ಮಕ್ಕಳನ್ನು ಗದರುವುದರಿಂದ ಏನೂ ಆಗುವುದಿಲ್ಲ. ಸೆಟೆದು ಕೂತ ಮಗು ಎರಡೇ ನಿಮಿಷಕ್ಕೆ ಮತ್ತೆ ಕುಸಿಯುತ್ತದೆ, ಏಕೆಂದರೆ ಬದಲಾಗಬೇಕಾದದ್ದು ಆ ಕ್ಷಣದ ಭಂಗಿಯಲ್ಲ, ಅದನ್ನು ಹುಟ್ಟಿಸಿದ ದಿನಚರಿ.

ದಿನಚರಿಯನ್ನು ಬದಲಿಸಲು ದೊಡ್ಡ ಸಂಕಲ್ಪ ಬೇಡ. ಲ್ಯಾಪ್‌ಟಾಪನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಪ್ರತ್ಯೇಕ ಕೀಬೋರ್ಡ್ ಬಳಸಿ. ಫೋನ್ ಕರೆ ಬಂದಾಗ ಎದ್ದು ಓಡಾಡುತ್ತ ಮಾತನಾಡಿ. ಹಿಂಜೇಬಿನ ಪರ್ಸನ್ನು ಕೂರುವ ಮೊದಲು ತೆಗೆಯಿರಿ. ಅದರ ಮೇಲೆ ಗಂಟೆಗಟ್ಟಲೆ ಕೂತರೆ ಸೊಂಟ ಓರೆಯಾಗುತ್ತದೆ, ಕಾಲಿಗಿಳಿಯುವ ನರವೂ ಒತ್ತಬಹುದು. ಕೂಸನ್ನೋ ಚೀಲವನ್ನೋ ಆಗಾಗ ಇನ್ನೊಂದು ಪಕ್ಕಕ್ಕೆ ಬದಲಿಸಿ. ವಾರಕ್ಕೊಮ್ಮೆ ಗೋಡೆಗೆ ಒರಗಿ ನಿಲ್ಲಿ: ಹಿಮ್ಮಡಿ ಗೋಡೆಯಿಂದ ತುಸು ಮುಂದೆ, ಪೃಷ್ಠ ಮತ್ತು ಮೇಲ್ಬೆನ್ನು ಗೋಡೆಗೆ. ಗಲ್ಲ ಎತ್ತದೆ ತಲೆ ಗೋಡೆಗೆ ತಾಗುತ್ತದೆಯೇ? ತಾಗದಿದ್ದರೆ ಕತ್ತಿನ ಕಡೆ ಗಮನ ಕೊಡುವ ಕಾಲ ಬಂದಿದೆ. ಮನೆಯವರ ಭಂಗಿಯನ್ನು ತಿದ್ದಬೇಕೆನಿಸಿದರೆ ಬೈಯುವ ಬದಲು ಪಕ್ಕದಿಂದ ಒಂದು ಫೋಟೋ ತೆಗೆದು ತೋರಿಸಿ. ಹತ್ತು ಸಲ ಗದರಿ ಆಗದ್ದು ಆ ಒಂದು ಫೋಟೋದಿಂದ ಆಗುತ್ತದೆ. ಕೈಕಾಲು ಜೋಮು ಹಿಡಿಯುವುದು, ಬಲ ಕುಂದುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು ಕಂಡರೆ ಮಾತ್ರ ವ್ಯಾಯಾಮದ ಪ್ರಯೋಗ ಬೇಡ, ಕೂಡಲೇ ವೈದ್ಯರಲ್ಲಿಗೆ ಹೋಗಿ.

ಮಕ್ಕಳ ವಿಷಯದಲ್ಲಿ ಇನ್ನೆರಡು ಮಾತು. ಹತ್ತರಿಂದ ಹದಿನೈದರ ಬೆಳವಣಿಗೆಯ ವಯಸ್ಸಿನಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗತೊಡಗಿದರೆ ಬಾಗು ಬೇಗ ಹೆಚ್ಚಬಹುದು, ಆದರೆ ನೋವಿರುವುದು ಕಡಿಮೆ. ಮಗುವಿನ ಅಂಗಿ ತೆಗೆಸಿ, ಕೈ ಜೋಡಿಸಿ ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿ. ಬೆನ್ನಿನ ಒಂದು ಪಕ್ಕ ಇನ್ನೊಂದಕ್ಕಿಂತ ಉಬ್ಬಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಶಾಲಾ ಬ್ಯಾಗಿನ ತೂಕಕ್ಕೆ ಕರ್ನಾಟಕ ಸರ್ಕಾರ 2019ರಲ್ಲೇ ಮಿತಿ ಹಾಕಿದೆ: ಒಂದು ಮತ್ತು ಎರಡನೇ ತರಗತಿಗೆ 2 ಕಿಲೋ, ಐದರವರೆಗೆ 3, ಎಂಟರವರೆಗೆ 4, ಹತ್ತರವರೆಗೆ 5 ಕಿಲೋ ಮೀರಬಾರದು. ನಾಳೆ ಬೆಳಿಗ್ಗೆ ವ್ಯಾನ್ ಬರುವ ಮುಂಚೆ ನಿಮ್ಮ ಮಗುವಿನ ಬ್ಯಾಗನ್ನು ತೂಗಿ ನೋಡಿ. ಹೆಚ್ಚಿದ್ದರೆ ಆ ಆದೇಶವನ್ನು ಹಿಡಿದು ಶಾಲೆಯವರೊಂದಿಗೆ ಮಾತನಾಡಿ.