ಮಕ್ಕಳು ಕೇಳುವ ಹಾಡು, ನಾವು ಕೇಳದ ನೋವು



ಔರಾದ್, ಭಾಲ್ಕಿ ಕಡೆಯಿಂದ ಬೀದರ್‌ಗೆ ಓದಲು ಹೋದ ಮಗ ರಜೆಗೆ ಮನೆಗೆ ಬರುತ್ತಾನೆ. ಕಿವಿಯಲ್ಲಿ ಇಯರ್‌ಫೋನ್, ಅದರಲ್ಲಿ ಸಾವು, ರಕ್ತ, ಕೊಲೆಯ ಹಾಡು. "ಇದೆಂಥ ಸೈತಾನನ ಹಾಡು!" ಎಂದು ನಾವು ಫೋನ್ ಕಸಿದುಕೊಳ್ಳುತ್ತೇವೆ. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೇ?

1999ರ ಏಪ್ರಿಲ್ 20ರಂದು ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು 12 ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಗುಂಡಿಟ್ಟು ಕೊಂದರು. ಜನರ ಕೋಪ ಮೆರಿಲಿನ್ ಮ್ಯಾನ್ಸನ್ ಎಂಬ ಗಾಯಕನ ಮೇಲೆ ತಿರುಗಿತು. ಕೊಂದವರು ಅವನ ಅಭಿಮಾನಿಗಳಲ್ಲವೆಂದು ಆಮೇಲೆ ತಿಳಿಯಿತು. ಆ ಊರಿನ ಮಕ್ಕಳಿಗೆ ಏನು ಹೇಳುತ್ತೀ ಎಂದು 2002ರ ಸಾಕ್ಷ್ಯಚಿತ್ರವೊಂದರಲ್ಲಿ ಅವನನ್ನು ಕೇಳಿದರು. ಏನೂ ಹೇಳುವುದಿಲ್ಲ, ಅವರು ಹೇಳುವುದನ್ನು ಕೇಳುತ್ತೇನೆ ಎಂದನು. ಅವನ ಬದುಕನ್ನು ನಾವು ಮೆಚ್ಚಬೇಕಿಲ್ಲ. ಆದರೆ ಈ ಉತ್ತರ ತಂದೆತಾಯಿಗಳಾದ ನಮ್ಮನ್ನು ಚುಚ್ಚಬೇಕು.

ಕತ್ತಲೆಯ ಹಾಡು ನಮಗೇನೂ ಹೊಸತಲ್ಲ. ಸೊಸೆಯನ್ನು ಕೆರೆಗೆ ಬಲಿಕೊಟ್ಟದ್ದನ್ನು ನಮ್ಮ ಜನಪದರು 'ಕೆರೆಗೆ ಹಾರ'ವಾಗಿ ಹಾಡಿದರು. ಮೊಹರಂ ಪದಗಳು ಕರ್ಬಲದ ಸಾವಿಗೆ ಅಳುತ್ತವೆ. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಧರ್ಮಸಭೆ ಪ್ರತಿ ಶುಕ್ರವಾರ ಮಲಗುವ ಮುಂಚಿನ ಪ್ರಾರ್ಥನೆಯಲ್ಲಿ ಅದನ್ನು ಹಾಡುತ್ತದೆ. ದೇವರ ಮುಂದೆ ಅಳುವುದು ಪಾಪವಲ್ಲ.

ಹಾಗೆಂದು ಎಲ್ಲ ಹಾಡೂ ಒಂದೇ ಅಲ್ಲ. ಅದು ಪೆಟ್ಟು ತಿಂದವರ ಪಕ್ಕದಲ್ಲಿ ನಿಲ್ಲುತ್ತದೋ, ಹೊಡೆದವನಿಗೆ ಕಿರೀಟ ತೊಡಿಸುತ್ತದೋ? ಕೊಂದವನನ್ನು ನಾಯಕನನ್ನಾಗಿಸುವ ಹಾಡನ್ನು ಬಿಡುವಂತೆ ಮಗನಿಗೆ ತಿಳಿಹೇಳಿ. ಊಟದ ತಟ್ಟೆ ಹಿಡಿದು ನಾವು ಟಿವಿಯಲ್ಲಿ ನೋಡುವ ಕ್ರೈಂ ಕಥೆಗಳಿಗೂ ಇದೇ ಪ್ರಶ್ನೆ ಹಾಕಿಕೊಳ್ಳೋಣ.

ಆ ಹಾಡಿನಲ್ಲಿ ಮಗ ತನ್ನದೇ ನೋವನ್ನು ಕೇಳುತ್ತಿರಬಹುದು. ತರಗತಿಯಲ್ಲಿ ಹೊಡೆತವೋ, ಹಾಸ್ಟೆಲಿನಲ್ಲಿ ದೊಡ್ಡ ಹುಡುಗರ ಕಾಟವೋ, ಯಾರಿಗೆ ಗೊತ್ತು? ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೊಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098 ಇದೆ. ಆದರೆ ಮಗು ಮೊದಲು ಬಾಯಿ ಬಿಡಬೇಕಾದದ್ದು ಮನೆಯಲ್ಲಿ.

ಎಮ್ಮಾವುಸ್ಸಿನ ದಾರಿಯಲ್ಲಿ ದುಃಖಿತರಾಗಿದ್ದ ಶಿಷ್ಯರನ್ನು ಪ್ರಭು ಯೇಸು ಮೊದಲು ಮಾತನಾಡಿಸಿ, ಅವರ ಅಳಲನ್ನೆಲ್ಲ ಕೇಳಿದರು. ಬೋಧಿಸಿದ್ದು ಆಮೇಲೆ. ಈ ಭಾನುವಾರ ಬಲಿಪೂಜೆ ಮುಗಿಸಿ ಬಂದು ಮಗನ ಪಕ್ಕದಲ್ಲಿ ಕುಳಿತು, "ಆ ಹಾಡು ನನಗೂ ಕೇಳಿಸಪ್ಪ" ಎನ್ನಿ. ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಅವನು ಮಾತನಾಡಲಿ.

ಪ್ರಭುವೇ, ನಮ್ಮ ಮಕ್ಕಳ ಮಾತು ಕೇಳುವ ಕಿವಿಯನ್ನು ನಮಗೆ ದಯಪಾಲಿಸಿರಿ. ಆಮೆನ್.