ಸತ್ತದ್ದು ಯಾವುದು?

ನಂಗಲಿಯ ಹೆಸರು ನನ್ನ ವಿದ್ಯಾರ್ಥಿಗಳ ಕಿವಿಗೆ ಬೀಳುವುದು ಶಾಸನಗಳ ಪಾಠ ಬಂದಾಗ. ಹೊಯ್ಸಳ ವಿಷ್ಣುವರ್ಧನನ ರಾಜ್ಯಕ್ಕೆ ಮೂಡಣ ಎಲ್ಲೆ ಯಾವುದೆಂದರೆ ನಂಗಲಿಯ ಘಟ್ಟ. ಅವನ ಬಿರುದಾವಳಿಯಲ್ಲಿ ತಲಕಾಡು, ಕೊಂಗುಗಳ ಜೊತೆಗೆ ನಂಗಲಿಯನ್ನು ಗೆದ್ದ ಮಾತೂ ಬರುತ್ತದೆ. ನನಗೆ ಮಾತ್ರ ಅದು ಅಕ್ಕನ ಊರು. ಮುಳಬಾಗಿಲಿನಿಂದ ಮೂಡಲಿಗೆ, ಆಂಧ್ರದ ಗಡಿಗೆ ತಗುಲಿಕೊಂಡಂತೆ, ಚೆನ್ನೈಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿದೆ. ಕಡಲು ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ದೂರ. ಇಂಥ ಊರಿನಲ್ಲಿ ಈ ಬೇಸಗೆ ಹತ್ತು ದಿನ ನಾನೊಂದು ಕಡಲನ್ನು ಕಾಯಬೇಕಾಗಿ ಬಂತು. ಕಾಯಲಾರದೆ ಹೋದೆ.

ಕಡಲೆಂದರೆ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ. ನನ್ನ ಸೋದರಳಿಯ ಅದನ್ನು ನಡುಮನೆಯ ಕಿಟಕಿಯ ಬಳಿ ಇಟ್ಟು ಮೂರು ವರ್ಷವಾಯಿತು. ಹುಡುಗ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾನೆ. ಬಿಡುವಿನಲ್ಲಿ ಹವಳ ಬೆಳೆಸುತ್ತಾನೆ. ಹವಳವೆಂದೊಡನೆ ನವರತ್ನವೂ ಅಂಗಾರಕನೂ ನೆನಪಾಗುವ ಜನ ನಾವು. ಇವನದು ಉಂಗುರಕ್ಕೆ ಕೂರುವ ಹವಳವಲ್ಲ, ಉಸಿರಾಡುವ ಹವಳ.

ಅವನಿಗೆ ಮೊದಲು ಆಸೆಯಿದ್ದದ್ದು ಜಿಂಕೆಯ ಕೊಂಬಿನಂತೆ ಕವಲೊಡೆಯುವ ಕಲ್ಲುಹವಳದ ಮೇಲೆ. ಅದನ್ನು ಇಟ್ಟುಕೊಳ್ಳುವಂತಿಲ್ಲ. 2001ರಲ್ಲಿ ಆ ಜಾತಿಗಳನ್ನೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಹುಲಿಯ ಪಂಕ್ತಿಗೆ, ಸೇರಿಸಿದ್ದಾರೆ. ಹೀಗಾಗಿ ಅವನು ಕಲ್ಲು ಕಟ್ಟದ ಮೃದು ಜಾತಿಗಳಿಗೆ ತೃಪ್ತಿಪಟ್ಟುಕೊಂಡ. ಅವುಗಳಲ್ಲಿ ಮುಖ್ಯವಾದದ್ದು ಅಂಗಿಯ ಗುಂಡಿಯಷ್ಟು ಅಗಲದ, ಅಂಚಿಗೆ ಕುಚ್ಚು ಕಟ್ಟಿದಂಥ ಜೋವಾಂಥಿಡ್. ಬೆಳಿಗ್ಗೆ ಹತ್ತಕ್ಕೆ ನೀಲಿಯ ದೀಪ ಹೊತ್ತಿದರೆ ಒಂದೊಂದಾಗಿ ಅರಳುತ್ತವೆ, ರಾತ್ರಿ ಮುಚ್ಚಿಕೊಳ್ಳುತ್ತವೆ. ಹೂವೆಂದು ಭ್ರಮಿಸುವುದರಲ್ಲಿ ತಪ್ಪಿಲ್ಲ. 1720ರ ದಶಕದಲ್ಲಿ ಮಾರ್ಸೇಲ್ಸಿನ ಪೇಸೊನೆಲ್ ಎಂಬ ವೈದ್ಯ, ಹವಳದ ಹೂವು ಹೂವಲ್ಲ, ಪ್ರಾಣಿ ಎಂದು ಬರೆದಾಗ ಪ್ಯಾರಿಸಿನ ಪಂಡಿತರು ನಂಬಲಿಲ್ಲ. ಅವನ ವಾದವನ್ನು ಸಭೆಗೆ ತಿಳಿಸಿದ ರೆಯೊಮೂರ್, ಪಾಪ ಮಾನ ಹೋದೀತೆಂದು ಅವನ ಹೆಸರನ್ನೇ ಹೇಳಲಿಲ್ಲವಂತೆ! ನಮ್ಮ ಭಾಷೆಯ ಸಾಕ್ಷಿಯೂ ಪಂಡಿತರ ಕಡೆಗೇ. ಪ್ರವಾಳ ಪವಳವಾಗಿ, ಪವಳ ಹವಳವಾಯಿತು. ಸಂಸ್ಕೃತದಲ್ಲಿ ಪ್ರವಾಳವೆಂದರೆ ಹವಳವೂ ಹೌದು, ಎಳೆ ಚಿಗುರೂ ಹೌದು.

ವಂಶ ಬೆಳೆಸುವ ರೀತಿಯಲ್ಲಂತೂ ಅದು ಚಿಗುರೇ ಸರಿ. ಅಳಿಯ ಕೈಗವಸು ತೊಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಕೂರುತ್ತಾನೆ. ಈ ಜಾತಿಯ ಕೆಲವುಗಳ ಮೈಯಲ್ಲಿ ಘೋರವಾದ ವಿಷವಿರುತ್ತದೆ. ಹರಿತವಾದ ಅಲಗಿನಿಂದ ಗುಂಪಿನ ಒಂದು ಅಂಚನ್ನು ಕೊಯ್ದು, ಮುರಿದ ಆಟಿಕೆಗೆ ಹಚ್ಚುವ ಅಂಟಿನ ಜಾತಿಯದೇ ಅಂಟಿನಿಂದ ಪುಟ್ಟ ಬಿಲ್ಲೆಗೆ ಕೂರಿಸುತ್ತಾನೆ. ಕೆಲವು ದಿನ ಮುದುಡಿದ್ದು ಮತ್ತೆ ಅರಳುತ್ತದೆ. ಬುಡದಲ್ಲಿ ಮರಿಯೊಡೆದು ಬಿಲ್ಲೆಯನ್ನೆಲ್ಲ ತುಂಬುತ್ತದೆ. ಹೀಗೆ ಒಂದು ಎರಡಾಗಿ, ಎರಡು ಎಂಟಾಗಿ, ಬೆಂಗಳೂರಿನ ಇಬ್ಬರು ಗೆಳೆಯರ ಮನೆಗೂ ಹೋಗಿತ್ತು.

ನಿತ್ಯ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ಕೊರೆದರೂ ಕೊಳವೆ ಬಾವಿಯಲ್ಲಿ ನೀರು ಸಿಗುವ ಭರವಸೆಯಿಲ್ಲ. ಸಿಕ್ಕ ನೀರಿನಲ್ಲಿ ಫ್ಲೋರೈಡು. 2018ರಿಂದ ಬೆಂಗಳೂರಿನ ಚರಂಡಿಯ ನೀರನ್ನು ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವುದು ಎಲ್ಲರಿಗೂ ಗೊತ್ತು. ಹವಳಕ್ಕಾದರೋ ಸೋಸಿ ಸೋಸಿ ಏನೂ ಉಳಿಯದಂಥ ನೀರೇ ಬೇಕು. ಒಂದು ಲೀಟರು ಸಿದ್ಧವಾಗುವಾಗ ಎರಡು ಮೂರು ಲೀಟರು ಪೋಲಾಗುತ್ತದೆ. ಬಿಂದಿಗೆ ಹೊತ್ತು ಬೆಳೆದ ಅಕ್ಕ ಮೊದಲ ದಿನವೇ ಕೇಳಿದಳು: "ಇದರಿಂದ ಯಾರಿಗೇನೋ ಉಪಕಾರ?" ಅವನು ಪೋಲಾಗುವ ನೀರನ್ನು ಪಾತ್ರೆ ತೊಳೆಯಲು ಹಿಡಿದಿಟ್ಟುಕೊಟ್ಟು ಆ ಜಗಳವನ್ನು ಮುಗಿಸಿದ. ಉಪಕಾರದ ಪ್ರಶ್ನೆಗೆ ಮಾತ್ರ, ಕಡಲು ಕಾಯುತ್ತಿದೆ, ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹವಳಗಳು ಬಿಳುಚಿ ಸತ್ತವು, ಎಲ್ಲಾದರೂ ಒಂದಿಷ್ಟು ಉಳಿಯಬೇಡವೆ ಎಂದ. ಹವಳದ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನಲ್ಲಿ ಅಡಿಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತದಂತೆ. ನೀರು ಬೇಸಗೆಯ ಸಹಜ ಕಾವಿಗಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ಹಾಗೆಯೇ ನಿಂತರೆ ಒಡೆಯ ಆ ಅಡಿಗೆಯವನನ್ನೇ ಹೊರಗೆ ನೂಕುತ್ತಾನೆ; ಬಣ್ಣ ಹೋಗುತ್ತದೆ, ಆಮೇಲೆ ಪ್ರಾಣವೂ ಹೋಗುತ್ತದೆ.

"ನಿನ್ನವನ್ನು ಮತ್ತೆ ಕಡಲಿಗೆ ಬಿಡಬಹುದೇನಪ್ಪ?" ಎಂದೆ. ಬಿಡಕೂಡದು, ಪರದೇಶದ ತಳಿ, ರೋಗ ಹರಡೀತು ಎಂದ. "ಹಾಗಾದರೆ ಉಳಿಸಿದ್ದು ಕಡಲಿಗಲ್ಲ, ನಿನಗೆ" ಎಂದು ನಾನು ಗೆದ್ದವನಂತೆ ನಕ್ಕೆ. ಅವನು ನನ್ನ ಚೀಲದತ್ತ ನೋಡಿದ. ಇಪ್ಪತ್ತು ವರ್ಷದಿಂದ ಈ ಸೀಮೆಯ ಮಾತುಗಳನ್ನು ಚೀಟಿಗಳಲ್ಲಿ ಬರೆದಿಡುವ ಚಟ ನನಗೆ. ಕಪಿಲೆ, ಏತ, ನೀರುಗಂಟಿ. "ಕಪಿಲೆ ಹೊಡೆಯೋರೇ ಇಲ್ಲವಲ್ಲ ಮಾವ, ಆ ಮಾತನ್ನ ಯಾರ ಬಾಯಿಗೆ ವಾಪಸು ಬಿಡ್ತೀರಿ?" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ.

ಏಪ್ರಿಲಿನಲ್ಲಿ ತಾಯಿ ಮಗ ಇಬ್ಬರೂ ಮದುವೆಯೊಂದಕ್ಕೆ ಹೊರಟರು. ಹಾಗೆಯೇ ಬೆಂಗಳೂರಿನ ಕೆಲಸ ಮುಗಿಸಿ ಬರಲು ಹತ್ತು ದಿನ. ಉತ್ತರಪತ್ರಿಕೆಗಳ ಕಟ್ಟನ್ನು ಹೊತ್ತು ನಾನು ಮನೆ ಕಾಯಲು ಬಂದೆ. ದೀಪ, ಪಂಪು ಎಲ್ಲ ತಾವಾಗಿಯೇ ನಡೆಯುತ್ತಿದ್ದವು. ನನ್ನ ಕೆಲಸ ಒಂದೇ, ಆವಿಯಾದಷ್ಟು ನೀರನ್ನು ಗೀಟಿನವರೆಗೆ ತುಂಬುವುದು. ಮೂಲೆಯಲ್ಲಿ ಎರಡು ಮುಚ್ಚಿದ ಬಕೆಟ್ಟುಗಳು. ಒಂದರಲ್ಲಿ ಉಪ್ಪು ಬೆರೆಸಿದ ನೀರು, ಇನ್ನೊಂದರಲ್ಲಿ ಸಪ್ಪೆ ನೀರು. ಕಡಲಿಗೆ ಕಡಲ ನೀರೇ ಸಲ್ಲಬೇಕೆಂದು ತರ್ಕಿಸಿ ದಿನವೂ ಒಂದೂವರೆ ಲೀಟರು ಉಪ್ಪುನೀರು ಸುರಿದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆಯೇ ಉಳಿಯುತ್ತದೆ ಎಂಬ ಮೂರನೆಯ ತರಗತಿಯ ಪಾಠ ಎಂ.ಎ. ಮಾಡಿದವನಿಗೆ ನೆನಪಾಗಲಿಲ್ಲ. ಕಲ್ಲುಗಳು ಜಾಗ ಹಿಡಿದ ಮೇಲೆ ತೊಟ್ಟಿಯಲ್ಲಿದ್ದದ್ದು ಸುಮಾರು 45 ಲೀಟರು. ಲೀಟರಿಗೆ 35 ಗ್ರಾಂ ಇರಬೇಕಾದ ಉಪ್ಪು ಹತ್ತನೆಯ ದಿನಕ್ಕೆ 46ನ್ನು ದಾಟಿತ್ತು. ಆರನೆಯ ದಿನವೇ ಅವು ಅರಳುವುದನ್ನು ನಿಲ್ಲಿಸಿದ್ದವು. ನಾನು ನೋಡಿದ್ದೆ. ಸೆಕೆಗೆ ಹೀಗಾಗಿದೆ ಎಂದುಕೊಂಡು ಪತ್ರಿಕೆ ತಿದ್ದಿದೆ. ಫೋನು ಮಾಡಿ ಕೇಳಬಹುದಿತ್ತು. ಗೊತ್ತಿಲ್ಲವೆಂದು ಹುಡುಗನ ಎದುರು ಒಪ್ಪಿಕೊಳ್ಳಲು ಸಂಕೋಚ.

ಅವನು ಬಂದು ನೋಡಿ, ನಾಲ್ಕು ದಿನ ಸ್ವಲ್ಪ ಸ್ವಲ್ಪವಾಗಿ ನೀರನ್ನು ತಿಳಿಗೊಳಿಸಿದ. ಗುಂಡಿಗಳು ಕರಗಿ ಹೋದವು. ಮೂಲದ ಗುಂಪಿನಲ್ಲಿ ಒಂದೂ ಉಳಿಯಲಿಲ್ಲ. ನನ್ನ ಮುಖ ನೋಡಿ ಅವನೇ ಸಮಾಧಾನ ಹೇಳಿದ: "ಏನೂ ಸತ್ತಿಲ್ಲ ಮಾವ. ಇದೇ ಗುಂಪು ಬೆಂಗಳೂರಿನಲ್ಲಿ ಎರಡು ಮನೇಲಿದೆ. ಒಂದು ತುಂಡು ತಂದರಾಯ್ತು."

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ವಿಜ್ಞಾನದ ದೃಷ್ಟಿಯಿಂದ ಅವನು ಹೇಳಿದ್ದು ಸರಿ. ಕೊಯ್ದ ತುಂಡು ಮಗುವಲ್ಲ, ಅದೇ ಜೀವ. ಶ್ರೀನಿವಾಸಪುರದ ಬಾದಾಮಿ ಮಾವಿನ ತೋಪುಗಳೂ ಹೀಗೆಯೇ. ಕಸಿಯಿಂದ ಕಸಿಗೆ ಬಂದ ಒಂದೇ ಮರ ಸಾವಿರ ಕಡೆ ನಿಂತಿದೆ. ಆದರೆ ಹಿತ್ತಿಲಿನ ಬಾದಾಮಿ ಮರವನ್ನು ರಸ್ತೆಗಾಗಿ ಕಡಿದ ದಿನ ನಮ್ಮ ತಾಯಿ ಊಟ ಮಾಡಲಿಲ್ಲ. ಅದೇ ಮರ ಮಾವಿನ ಸೀಮೆಯಲ್ಲೆಲ್ಲ ಇದೆಯಮ್ಮ ಎಂದು ನಾನು ಹೇಳಿದ್ದರೆ ಆಕೆ ಏನೆನ್ನುತ್ತಿದ್ದಳು? ಆಕೆಯ ಕೈಯ ನೀರು ಕುಡಿದ ಮರ ಒಂದೇ.

ಹವಳಕ್ಕೆ ಮೆದುಳಿಲ್ಲ. ನಾನು ಅದಕ್ಕೆ ದ್ರೋಹ ಬಗೆದೆನೆಂದರೆ ಕೇಳುವವರು ನಕ್ಕಾರು. ನೋವು ತಿಳಿಯದ್ದಕ್ಕೆ ನಾವು ಋಣಿಗಳಾಗಬಲ್ಲೆವೆ? ಬಹಳ ಯೋಚಿಸಿದ ಮೇಲೆ ನನಗೆ ತೋರುವುದು ಇಷ್ಟು: ಋಣ ಹುಟ್ಟಿದ್ದು ಹವಳದ ಅರಿವಿನಿಂದಲ್ಲ, ನಾನು ನೋಡಿಕೊಳ್ಳುತ್ತೇನೆಂದು ಆಡಿದ ಮಾತಿನಿಂದ. ಅದು ಅರಳದಿದ್ದುದನ್ನು ಕಂಡೂ ನಾನು ಕಾಣದವನಂತಿದ್ದೆನಲ್ಲ, ಆ ಆರನೆಯ ದಿನದ ಬೆಳಿಗ್ಗೆಯನ್ನು ಬೆಂಗಳೂರಿನ ಯಾವ ತುಂಡೂ ತುಂಬಿಕೊಡಲಾರದು. ಅದೇ ಜೀವ ಇನ್ನೆಲ್ಲೋ ಇದೆ ಎಂಬ ಸಮಾಧಾನವನ್ನು ತಪ್ಪು ಮಾಡಿದವನೇ ಬಳಸತೊಡಗಿದರೆ ಅಪಾಯ. ತೊಟ್ಟಿಯಲ್ಲಿ ಉಳಿಸಿದ್ದೇವೆಂದು ಕಡಲನ್ನು ಕಾಯಿಸುತ್ತ ಹೋಗಬಹುದು. ಚೀಟಿಯಲ್ಲಿ ಬರೆದಿದೆಯೆಂದು ಮಾತಾಡುವುದನ್ನು ಬಿಟ್ಟುಬಿಡಬಹುದು. ಆದರೂ ಅವನು ಎರಡು ತುಂಡುಗಳನ್ನು ಕೊಯ್ದು ಹಂಚದೆ ಹೋಗಿದ್ದರೆ? ಎಲ್ಲವನ್ನೂ ಒಂದೇ ತೊಟ್ಟಿಯಲ್ಲಿ ಜೋಪಾನವಾಗಿಟ್ಟಿದ್ದರೆ, ಕೊಂದವನು ನಾನೇ ಕಡೆಯವನಾಗುತ್ತಿದ್ದೆ. ಇದನ್ನೂ ನಾನು ಒಪ್ಪಬೇಕು.

ಜೂನ್ ಮೊದಲ ವಾರ ಗೆಳೆಯನೊಬ್ಬ ಹೆದ್ದಾರಿಯಲ್ಲಿ ಹೋಗುತ್ತ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಬಿಲ್ಲೆಯನ್ನು ತಲುಪಿಸಿದ. ಹನ್ನೊಂದು ಗುಂಡಿಗಳು, ಎಲ್ಲ ಮುಚ್ಚಿಕೊಂಡಿದ್ದವು. "ಇದು ಅದೇನೇ ಮಾವ" ಎಂದ ಅಳಿಯ.

ಅಕ್ಕ ಕಾಫಿ ಲೋಟ ಹಿಡಿದು ಬಗ್ಗಿ ನೋಡಿ, "ಅದೇ ಆದರೆ ನಿಮ್ಮ ಮಾವನ ಮೇಲೆ ಅದಕ್ಕೆ ಕೋಪ ಇರಬೇಕಲ್ಲೋ" ಎಂದಳು.

ಮೂರನೆಯ ದಿನ ಅರಳಿತು. ಸಂಜೆ ನೀರು ತುಂಬುವ ಕೆಲಸವನ್ನು ಅಳಿಯ ನನಗೇ ಬಿಟ್ಟ. ಬಕೆಟ್ಟುಗಳ ಮೇಲೆ ಈಗ ದಪ್ಪ ಅಕ್ಷರದಲ್ಲಿ ಉಪ್ಪು, ಸಪ್ಪೆ ಎಂದು ಬರೆದಿದ್ದಾನೆ. ಆದರೂ ನಾನು ಲೋಟ ಮುಳುಗಿಸುವವರೆಗೆ ಬಾಗಿಲಲ್ಲಿ ನಿಂತೇ ಇದ್ದ.